ಆನೆ ಕಾಸಿಗೆ ಹತ್ತಿದ ಹಸಿರು

ತನ್ನ ಹಳೆಯ ನಾಣ್ಯಗಳು ಕೆಟ್ಟಿದ್ದು ತನ್ನ ಬೆವರಿನಿಂದಲೇ ಎಂದು ನಮ್ಮಣ್ಣ ಎರಡು ತಿಂಗಳು ನಂಬಿದ್ದ. ಕೆಡಿಸಿದವಳು ನಾನು. ಹಾಗೆ ನಂಬಲು ಬಿಟ್ಟವಳೂ ನಾನೇ.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಅಣ್ಣ ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಮದುವೆಯಾಗಲಿಲ್ಲ. ಕೆಲಸ ಬಿಟ್ಟ ಮೇಲೆ ಮೇಲೂರಿನ ಹತ್ತಿರದ ನಮ್ಮ ಮನೆಗೇ ಬಂದ. ಬರುವಾಗ ತಂದದ್ದು ಎರಡು ಜೊತೆ ಬಟ್ಟೆ, ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ತಾಮ್ರದ ಹಳೆಯ ಕಾಸುಗಳು. ಶಿಡ್ಲಘಟ್ಟದಲ್ಲಿ ಹಳೆ ಪಾತ್ರೆ ಕೊಳ್ಳುವ ಭಾಯಿಯೊಬ್ಬರ ಅಂಗಡಿಯಲ್ಲಿ, ಕರಗಿಸಲು ಹೊರಟಿದ್ದ ರಾಶಿಯಿಂದ ವರ್ಷಗಟ್ಟಲೆ ಆರಿಸಿಕೊಂಡವು.

ಬಸ್ಸಿನ ಬ್ಯಾಟರಿಗೆ ಹಾಕುವ, ಬಟ್ಟಿ ಇಳಿಸಿದ ನೀರನ್ನು ಬಟ್ಟಲಿಗೆ ಹೊಯ್ದು ಕಾಸನ್ನು ವಾರಗಟ್ಟಲೆ ನೆನೆಹಾಕುತ್ತಿದ್ದ. ದಿನಾ ನೀರು ಬದಲಿಸುತ್ತಿದ್ದ. ಉಜ್ಜುತ್ತಿರಲಿಲ್ಲ. ಹತ್ತಿ ಬಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ ಬೆಣ್ಣೆ ಕಾಗದದಲ್ಲಿ ಸುತ್ತಿಡುತ್ತಿದ್ದ. ಹಿಡಿಯುವುದಾದರೆ ಅಂಚನ್ನು ಮಾತ್ರ.

“ಮೇಲಿನ ಕಂದು ಬಣ್ಣ ಕೊಳೆಯಲ್ಲ ಕಣಮ್ಮ, ಅದು ಅದರ ಚರ್ಮ. ಕಿತ್ತಾಕಿದ್ರೆ ಸತ್ತೋಗುತ್ತೆ.”

ನಮ್ಮ ಮನೆಯವರು ನಗುತ್ತಿದ್ದರು. “ನಿಮ್ಮಣ್ಣ ಕಾಸಿಗೆ ವಾರಕ್ಕೆ ಏಳು ಸ್ನಾನ ಮಾಡಿಸ್ತಾನೆ. ತಾನು ಮಾತ್ರ ಭಾನುವಾರ ಮಾಡ್ತಾನೆ.”

“ನನ್ನ ಯಾರು ಎತ್ತಿಡ್ತಾರೆ ಭಾವ, ಅದಕ್ಕೆ,” ಎನ್ನುತ್ತಿದ್ದ ಅಣ್ಣ.

ಸಕ್ಕರೆ ಕಾಯಿಲೆಯಿಂದ ಕಣ್ಣು ಮಸುಕಾದ ಮೇಲೆ ಅವನ ನಿಯಮವನ್ನು ಅವನೇ ಮುರಿದ. ಹೆಬ್ಬೆರಳಿನಿಂದ ಕಾಸಿನ ಮುಖ ಸವರತೊಡಗಿದ. ಅದರಲ್ಲೂ ಆನೆ ಕಾಸು. ಮೈಸೂರಿನ ಹಳೆಯ ಕಾಸು, ಒಂದು ಕಡೆ ಸೊಂಡಿಲು ಇಳಿಬಿಟ್ಟ ಆನೆ. “ಬಾಲ ಸಿಕ್ತು. ಹಾಂ, ಇಲ್ಲಿ ಕಿವಿ,” ಎನ್ನುವನು. ಅವನಿಗೆ ನೋಡಲು ಉಳಿದಿದ್ದು ಅಷ್ಟೇ.

ಅವನ ಕೋಣೆ ನಾವು ರೇಷ್ಮೆ ಹುಳ ಸಾಕುವ ಮನೆಗೆ ಅಂಟಿಕೊಂಡಿದೆ. ನಡುವಿನ ಗೋಡೆ ಸೂರಿನವರೆಗೆ ಹೋಗಿಲ್ಲ. ಪ್ರತಿ ಬೆಳೆಗೆ ಮುಂಚೆ, ಹುಳಕ್ಕೆ ರೋಗ ಬರದಿರಲೆಂದು, ಒಳಗೆಲ್ಲ ಬ್ಲೀಚಿಂಗ್ ಪೌಡರ್ ನೀರು ಹೊಡೆದು ಬಾಗಿಲು ಮುಚ್ಚುತ್ತೇವೆ. ಆ ಘಾಟು ತಾಮ್ರವನ್ನು ತಿನ್ನುತ್ತದೆ, ಆ ದಿನ ಪೆಟ್ಟಿಗೆಯನ್ನು ಆಚೆ ಸಾಗಿಸಬೇಕು ಎಂದು ಅಣ್ಣ ಮೊದಲೇ ಹೇಳಿದ್ದ. ಹಿಂದಿನ ಬೆಳೆಯಲ್ಲಿ ಸುಣ್ಣಕಟ್ಟು ರೋಗ ಬಂದು ಹುಳಗಳು ಸೀಮೆಸುಣ್ಣದ ತುಂಡಿನಂತೆ ಬೆಳ್ಳಗೆ ಬಿರುಸಾಗಿ ಸತ್ತಿದ್ದವು. ಆ ಭಯಕ್ಕೆ ನಾನು ಪೌಡರನ್ನು ಎರಡರಷ್ಟು ಕಲಸಿದೆ. ಅಣ್ಣ ಕಣ್ಣಿನ ಚಿಕಿತ್ಸೆಗೆ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿದ್ದ. ಫೋನ್ ಮಾಡಿದ.

“ಪೆಟ್ಟಿಗೆ ಆಚೆ ಇಟ್ಯೇನಮ್ಮ?”

“ಹೂಂ ಅಣ್ಣ, ಇಟ್ಟಾಯ್ತು.”

ಇಟ್ಟಿರಲಿಲ್ಲ. ಮರೆತಿರಲೂ ಇಲ್ಲ. ಪೆಟ್ಟಿಗೆ ಅವನ ಮಂಚದ ಕೆಳಗೆ ನನ್ನ ಕಣ್ಣೆದುರೇ ಇತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡಾಗಿತ್ತು, ಬೆನ್ನು ನೋಯುತ್ತಿತ್ತು. ಮುಚ್ಚಿದ ಪೆಟ್ಟಿಗೆಯೊಳಗೆ ಏನು ಹೋಗುತ್ತದೆ ಎಂದುಕೊಂಡು ಬಾಗಿಲು ಹಾಕಿದೆ.

ಎಂಟು ದಿನದ ಮೇಲೆ ತೆಗೆದು ನೋಡಿದೆ. ಆನೆಯ ಕಾಲ ಬಳಿ ಸಾಸಿವೆಯಷ್ಟು ತಿಳಿ ಹಸಿರು ಪುಡಿ. ಗಾಬರಿಯಲ್ಲಿ, ದೇವರ ದೀಪ ಉಜ್ಜುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ಹೊಸ ಚೊಂಬಿನಂತೆ ಕೆಂಪಗೆ ಹೊಳೆಯಿತು. ಸದ್ಯ ಬದುಕಿದೆ ಎಂದುಕೊಂಡೆ. ನಾಲ್ಕನೇ ದಿನ ಹಸಿರು ಮತ್ತೆ ಬಂದಿತ್ತು, ಈ ಸಲ ಹೊಟ್ಟೆಯ ಮೇಲೆ. ಪಕ್ಕದ ಕಾಸುಗಳಲ್ಲೂ ಇತ್ತು. ರೋಗ ಬಂದ ಹುಳವನ್ನಾದರೆ ಎತ್ತಿ ಸುಡುತ್ತೇವೆ. ಇದನ್ನು ಒರೆಸುತ್ತಲೇ ಹೋದೆ. ಒರೆಸಿದಲ್ಲೆಲ್ಲ ಗುಳಿ ಬೀಳುತ್ತಿತ್ತು.

ಅಣ್ಣ ಬಂದ ದಿನವೇ ಪೆಟ್ಟಿಗೆ ಕೇಳಿದ. ಬೆರಳಿಗೆ ಪುಡಿ ಹತ್ತಿತು.

“ಏನೇ ಇದು, ಹಿಟ್ಟಿನ ಥರ?”

“ಹಸಿರು ಬಂದಿದೆ ಅಣ್ಣ.”

ಕಾಸನ್ನು ಪೆಟ್ಟಿಗೆಗೆ ಹಾಕಿದ. “ನನ್ನ ಬೆವರು ಕಣಮ್ಮ. ಕಣ್ಣಿಲ್ಲ ಅಂತ ಮುಟ್ಟಿ ಮುಟ್ಟಿ ನಾನೇ ಸಾಯಿಸ್ದೆ.”

ಆಗ ಬಾಯಿ ಬಿಡಬಹುದಿತ್ತು. “ಇರಬಹುದು,” ಎಂದೆ.

ಅಂದಿನಿಂದ ಅವನು ಒಂದು ಕಾಸನ್ನೂ ಮುಟ್ಟಲಿಲ್ಲ. ಬೆರಳುಗಳನ್ನು ಅಂಗೈಯೊಳಗೆ ಮಡಿಸಿಕೊಂಡೇ ಕೂರುತ್ತಿದ್ದ. ಊಟಕ್ಕೆ ಮುಂಚೆ ಎರಡೆರಡು ಸಲ ಸೋಪು ಹಾಕಿ ಕೈ ತೊಳೆಯುತ್ತಿದ್ದ. ಬೆಳಿಗ್ಗೆ ಎದ್ದರೆ ಒಂದೇ ಮಾತು, “ಆನೆ ಹೆಂಗಿದೆ?” ಅಷ್ಟರಲ್ಲಿ ಸೊಂಡಿಲು ಹೋಗಿತ್ತು, ಕಿವಿ ಹೋಗಿತ್ತು. “ಹಂಗೇ ಇದೆ ಅಣ್ಣ, ಹೆಚ್ಚಾಗಿಲ್ಲ,” ಎನ್ನುತ್ತಿದ್ದೆ.

ನಿನ್ನೆ, “ಒಂದ್ಸಲ ಕೊಡು,” ಎಂದ. ಬೇಡವೆನ್ನಲು ನೆಪ ಹೊಳೆಯಲಿಲ್ಲ. ಟವೆಲಿನಲ್ಲಿ ಕೈ ಒರೆಸಿಕೊಂಡು ಹೆಬ್ಬೆರಳು ಆಡಿಸಿದ. ಬಾಲ ಸಿಕ್ತು ಎನ್ನಲಿಲ್ಲ. ಕಾಸನ್ನು ಮಂಚದ ಮೇಲಿಟ್ಟು, ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಬಟ್ಟೆಯನ್ನು ಎಳೆದು ಮೂಗಿಗೆ ಹಿಡಿದ. ಘಾಟು ಹಿಡಿದಿದ್ದ ಅದನ್ನು ಒಗೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ.

“ಸೋಮವಾರ ಹುಳ ತರ್ತೀರಂತೆ?”

“ಹೂಂ.”

“ಬ್ಲೀಚಿಂಗ್ ಹೊಡೆಯೋಕ್ ಮುಂಚೆ ನನ್ನ ಆಚೆ ಕೂರಿಸಿದ್ಯಾ ಅಂತ ಒಂದ್ಸಲ ತಿರುಗಿ ನೋಡ್ಕೊಮ್ಮ. ಕೇಳಿದ್ರೆ ಹೂಂ ಅಂದ್ಬಿಡ್ತೀಯ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕಾಲು ಹಿಡಿದು ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ಹುಳದ ತಟ್ಟೆ ತೊಳೆಯಬೇಕು ಎಂದು ಎದ್ದು ಬಂದೆ.

ಪೌಡರಿನ ಚೀಲ ಬಾಗಿಲ ಬಳಿ ಇದೆ, ಇನ್ನೂ ಬಿಚ್ಚಿಲ್ಲ. ಒಳಗೆ ಅಣ್ಣ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ. ಬೆರಳುಗಳು ಬಿಚ್ಚಿವೆ. ನನ್ನ ಹೆಜ್ಜೆ ಬಾಗಿಲಿಗೆ ಬಂದಾಗಲೆಲ್ಲ ಮುಖ ಈ ಕಡೆ ತಿರುಗುತ್ತದೆ.