ಭಂಡಾರ ಎತ್ತಿದ ಕೈ

ಸಂಜೆ ಆರು ಗಂಟೆ. ಇವತ್ತು ಮಂದ್ರೂಪದ ಬೀರೋಬಾನ ಗುಡಿಯ ಮುಂದೆ ಕುಡಿತ ಬಿಟ್ಟವರ ಸಭೆಯಿತ್ತು. ಒಳಗಿನಿಂದ ಭಂಡಾರದ, ದೇವರ ಅರಿಸಿನದ, ವಾಸನೆ ಬರುತ್ತಿತ್ತು.

ನಾನು ಚಿಕ್ಕವಳಿದ್ದಾಗ ಅಪ್ಪ ಇಲ್ಲೇ ಭಂಡಾರ ಎತ್ತಿ, "ಇನ್ನ ದಾರೂ ಮುಟ್ಟಂಗಿಲ್ಲ" ಎಂದು ಆಣೆ ಮಾಡಿದ್ದ. ಮೂರನೇ ದಿನ ಅವನ ಕೈ ನಡುಗಿ ಚಹಾ ಕಂಬಳಿಯ ಮೇಲೆ ಚೆಲ್ಲಿತು. ಅವ್ವ ದವಾಖಾನೆಗೆ ಹೋಗೋಣ ಎಂದಳು. ಅಜ್ಜಿ ಬಿಡಲಿಲ್ಲ.

"ಆ ಔಷಧದಾಗೂ ದಾರೂ ಇರ್ತೈತಿ. ಆಣಿ ಮುರೀತೈತಿ."

ಐದನೇ ದಿನ ಅಪ್ಪ ಕುಡಿದು ಬಂದ. ಆಮೇಲೆ ಮನೆಯಲ್ಲಿ ಯಾರೂ ಅವನ ಹಣೆಗೆ ಭಂಡಾರ ಹಚ್ಚಲಿಲ್ಲ. ಅವನೂ ಕೇಳಲಿಲ್ಲ. ಸಾಯುವವರೆಗೂ ಕುಡಿದ.

ಸಭೆಯಲ್ಲಿ ಕುರಿ ಕಾಯುವವನೊಬ್ಬ ಹೇಳಿದ: "ಕೈ ನಡುಗೂದು ಬ್ಯಾನಿ ಐತ್ರಿ, ಪಾಪ ಅಲ್ಲ. ನಾ ಭಂಡಾರನೂ ಎತ್ತೀನಿ, ಡಾಕ್ಟರ್ ಕಡೀನೂ ಹೋಗೀನಿ. ಬೀರೋಬಾ ಏನೂ ಅಂದಿಲ್ಲ. ಹೆಂಡ್ತಿನ ಅಂದಾಳ, ಮೊದ್ಲ ಯಾಕ ಹೋಗಲಿಲ್ಲ ಅಂತ."

ಜನ ನಕ್ಕರು. ನನ್ನ ಪಕ್ಕದಲ್ಲಿದ್ದ ತಮ್ಮ ನಗಲಿಲ್ಲ. ಕುಡಿತ ಬಿಡುತ್ತೇನೆಂದು ಅವನೂ ನಿನ್ನೆ ಭಂಡಾರ ಎತ್ತಿದ್ದಾನೆ. ನಡುಗುವ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, "ಅಕ್ಕಾ, ನಾವೂ ಹೋಗೂಣೇನ?" ಎಂದ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಸೊಲ್ಲಾಪುರದ ದವಾಖಾನೆಗೆ ಹೋಗುತ್ತೇವೆ.