ಖಾಲಿ ಕುರ್ಚಿಯ ಪ್ರಶ್ನೆ

ನಾನು ಗಣಿತದ ಮೇಷ್ಟ್ರು. ಯಾರಾದರೂ ಮೈಮೇಲೆ ಬಂತು, ಕಿವಿಯಲ್ಲಿ ಹೇಳಿತು ಎಂದರೆ, "ಸುಮ್ನಿರಯ್ಯಾ, ಹೊಟ್ಟೆ ಕೆಟ್ಟಿರ್ಬೇಕು" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಹಾಗೆ ಹೇಳುವ ಧೈರ್ಯ ನನಗಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎರಡನೇ ಮಹಾಯುದ್ಧ ಮುಗಿದ ಹೊಸತು. ಬೆಂಗಳೂರು ದಂಡು ಪ್ರದೇಶದ ಕಾಲೇಜೊಂದರಲ್ಲಿ ಖಲೀಲ್ ಸಾಹೇಬರು ಪಾರಸಿ ಭಾಷೆ ಕಲಿಸುತ್ತಿದ್ದರು. ಅಂಥ ಓದುಗಾರರನ್ನು ನಾನು ಮತ್ತೆ ಕಂಡಿಲ್ಲ. ಕೈರೋ, ಇಸ್ತಾಂಬುಲ್‌ಗಳ ಮುಸ್ಲಿಂ ಚಿಂತಕರು ಈಗ ಏನು ಯೋಚಿಸುತ್ತಿದ್ದಾರೆ, ಧರ್ಮಗ್ರಂಥಕ್ಕೆ ಯಾವ ಹೊಸ ಅರ್ಥ ಹೇಳುತ್ತಿದ್ದಾರೆ ಎಂಬುದನ್ನು ಹಲಸೂರಿನ ನನ್ನಂಥವನಿಗೂ ಅರ್ಥವಾಗುವ ಹಾಗೆ ಹೇಳುತ್ತಿದ್ದರು. ಅದನ್ನೇ ಒಂದು ವಿಷಯವಾಗಿ ಕಲಿಸುವುದು ಅವರ ಆಸೆ. ಒಂದು ಉಪನ್ಯಾಸ ಕೊಡಿ, ನೋಡೋಣ ಎಂದಿತು ಕಾಲೇಜು. ಹೊರಗಿನ ಪರೀಕ್ಷಕರು ಒಪ್ಪಿದರೆ ಹೊಸ ಹುದ್ದೆ. ಇಲ್ಲದಿದ್ದರೆ, ಪಾರಸಿಗೆ ವಿದ್ಯಾರ್ಥಿಗಳೇ ಇಲ್ಲವಾದ್ದರಿಂದ, ಇದ್ದ ಕೆಲಸವೂ ಹೋಗಿ ಅಣ್ಣನ ತೊಗಲು ಮಂಡಿಯಲ್ಲಿ ಕೂರಬೇಕಿತ್ತು.

ಅವರದೊಂದು ಪದ್ಧತಿ. ಪಾಠ ಮಾಡುವಾಗ ಎದುರಿಗೆ ಒಂದು ಕುರ್ಚಿ ಖಾಲಿ ಬಿಡುತ್ತಿದ್ದರು, ತಮ್ಮ ಮಾತು ಒಪ್ಪದವನಿಗೆಂದು. ಅವನ ಆಕ್ಷೇಪವನ್ನು ತಾವೇ ಎತ್ತಿ ಆಮೇಲೆ ಉತ್ತರ ಕೊಡುವುದು, ನಮ್ಮವರ ಪೂರ್ವಪಕ್ಷದ ಹಾಗೆ. ಈಗಿನ ಶಿವಾಜಿನಗರದಲ್ಲಿದ್ದ ತಮ್ಮ ಉಸ್ತಾದರಿಂದ ಅದನ್ನು ಕಲಿತಿದ್ದರು. ಆ ಗುರುಗಳು ತೀರಿಕೊಂಡು ಬಹಳ ಕಾಲವಾಗಿತ್ತು.

ಉಪನ್ಯಾಸದ ದಿನ ಮಧ್ಯಾಹ್ನ ನಾನು ಹೋದಾಗ ಹಾಲ್ ಕಿಕ್ಕಿರಿದಿತ್ತು. ಖಾಲಿ ಇದ್ದದ್ದು ಅದೊಂದೇ ಕುರ್ಚಿ, ಕೂತುಬಿಟ್ಟೆ. ಇಂಗ್ಲಿಷಿನಲ್ಲಿ ಸೊಗಸಾಗಿ ಶುರು ಮಾಡಿದ್ದ ಸಾಹೇಬರು ಆ ಕುರ್ಚಿಯಲ್ಲಿ ನನ್ನನ್ನು ಕಂಡು ತಡವರಿಸಿದರು. ಆಕ್ಷೇಪಕ್ಕೆ ಬಂದಾಗ ಮಾತೇ ನಿಂತುಹೋಯಿತು. ಪರೀಕ್ಷಕರು ಗಡಿಯಾರ ನೋಡತೊಡಗಿದರು. ಅಯ್ಯೋ, ಇವರ ಗತಿಯೇನಪ್ಪಾ ಎಂದುಕೊಂಡೆ. ನನಗೆ ನೆನಪಿರುವುದು ಅಷ್ಟೇ. ಆಮೇಲೆ ಕೇಳಿಸಿದ್ದು ಚಪ್ಪಾಳೆ.

ವರಾಂಡದಲ್ಲಿ ಪರೀಕ್ಷಕರೊಬ್ಬರು ನನ್ನ ಕೈ ಕುಲುಕಿ, "ಒಳ್ಳೇ ಪ್ರಶ್ನೆ ಕೇಳಿದ್ರಿ. ಅಷ್ಟು ಚೆನ್ನಾಗಿ ಉರ್ದು ಎಲ್ಲಿ ಕಲಿತ್ರಿ?" ಎಂದರು. ನನಗೆ ಬರುತ್ತಿದ್ದದ್ದು ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವಷ್ಟು! ಪಕ್ಕದಲ್ಲಿ ಕೂತಿದ್ದವರನ್ನು ವಿಚಾರಿಸಿದೆ. ನಾನು ಎದ್ದು ನಿಂತು, "ಕಾಲ ಬದಲಾಯ್ತು ಅಂತ ಹಳೇ ಅರ್ಥ ಬಿಡ್ತೀಯಲ್ಲ, ನಾಳೆ ನಿನ್ನ ಅರ್ಥಾನೂ ಬಿಡ್ತೀಯಾ?" ಎಂದು ಉರ್ದುವಿನಲ್ಲಿ ಕೇಳಿದೆನಂತೆ. ಸಾಹೇಬರು ಕಣ್ಣೊರೆಸಿಕೊಂಡು, "ಬಿಡ್ತೀನಿ ಉಸ್ತಾದ್. ಅದನ್ನ ಕಲಿಸೋಕೇ ನಿಂತಿದೀನಿ" ಎಂದು, ಅಲ್ಲಿಂದಾಚೆ ನಿರರ್ಗಳವಾಗಿ ಮಾತಾಡಿದರಂತೆ. ಹುದ್ದೆ ಸಿಕ್ಕಿತು. ಮುಂದೆ ಎಂಥೆಂಥ ಶಿಷ್ಯರನ್ನು ತಯಾರು ಮಾಡಿದರು ಅವರು!

ಆ ಸಂಜೆ ಟೀ ಕುಡಿಯುತ್ತಾ ಸಾಹೇಬರು ಹೇಳಿದರು: "ಆ ಪ್ರಶ್ನೆ ಉಸ್ತಾದ್ರು ಕೊನೇ ಸಲ ನನ್ನೊಬ್ಬನ್ನೇ ಕೇಳಿದ್ದು ಮೇಷ್ಟ್ರೇ. ಅವತ್ತು ಉತ್ತರ ಹೊಳೀಲಿಲ್ಲ. ಯಾರ ಹತ್ರಾನೂ ಹೇಳ್ಕೊಂಡಿಲ್ಲ."

"ದೇವರಾಣೆ, ನಂಗೇನೂ ಗೊತ್ತಿಲ್ಲ ಸಾಹೇಬ್ರೇ" ಎಂದೆ.

ಅವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅಷ್ಟು ದೊಡ್ಡ ವಿದ್ವಾಂಸರು ನನ್ನ ಮುಖವನ್ನೇ ನೋಡುತ್ತಾ ಮೆಲ್ಲಗೆ, "ನಾನು ಕೊಟ್ಟ ಉತ್ತರ ಸರಿಯಾಗಿತ್ತಾ?" ಎಂದರು.

ಹೌದೆನ್ನಲು ಬಾಯಿ ತೆರೆದೆ. ಅವರು ಕೇಳುತ್ತಿದ್ದದ್ದು ನನ್ನನ್ನಲ್ಲ.