ಔಷಧದ ಕಾಲಮ್ಮಿನಲ್ಲಿ ನಾನು ಬರೆದದ್ದು

ಆ ಫಾರಂ ತುಂಬಿದ್ದು ನಾನೇ. ತಪ್ಪನ್ನು ಬೇರೆ ಯಾರ ತಲೆಗಾದರೂ ಕಟ್ಟಿ ಕೈ ತೊಳೆದುಕೊಳ್ಳೋಣವೆಂದು ಎಷ್ಟೋ ವರ್ಷ ನೋಡಿದೆ, ಆಗಲಿಲ್ಲ. ಅಕ್ಷರ ನನ್ನದು, ಸಹಿ ನನ್ನದು, ಸಹಿಯ ಕೆಳಗೆ 'ತಾಯಿ' ಎಂದು ಬರೆದವಳೂ ನಾನೇ.

ನಾನು ನಾರಾಯಣಪುರದಲ್ಲಿ ಕಾಲುವೆ ಕಚೇರಿಯ ಗುಮಾಸ್ತೆಯಾಗಿದ್ದೆ. ಗಂಡ ಡ್ಯಾಮಿನ ಗೇಟ್ ಆಪರೇಟರ್. ಅವನು ತೀರಿಕೊಂಡ ಮೇಲೆ ಅನುಕಂಪದ ಮೇಲೆ ನನಗೆ ಕೆಲಸ ಸಿಕ್ಕಿತು. ಅನುಕಂಪದ ನೌಕರಿ ಎಂದರೇನು ಎಂಬುದು ಅದನ್ನು ಮಾಡಿದವರಿಗೇ ಗೊತ್ತು. ಕುರ್ಚಿಯಲ್ಲಿ ಪೂರ್ತಿ ಒರಗಿ ಕೂರಲು ನನಗೆ ಹತ್ತು ವರ್ಷ ಹಿಡಿಯಿತು. ನನ್ನ ಪಾಲಿಗೆ ಬಂದದ್ದು ಮಾಹಿತಿ ತುಂಬುವ ಕೆಲಸ. ಎಲ್ಲಿಂದಲೋ ಉದ್ದುದ್ದ ನಮೂನೆಗಳು ಬರುತ್ತಿದ್ದವು. ಹಿಮ ಬಿದ್ದು ಆದ ಹಾನಿ ಎಷ್ಟು ಎಂದು ಕೇಳುವ ಕಾಲಂ ಕೂಡ ಒಂದರಲ್ಲಿತ್ತು. ಫ್ಯಾನಿನ ಗಾಳಿಯೂ ಬಿಸಿ ಬಡಿಯುವ ಊರಲ್ಲಿ ಕುಳಿತು ನಾನು ಅದರ ಮುಂದೆ ಗಂಭೀರವಾಗಿ 'ನಿಲ್' ಎಂದು ಬರೆಯುತ್ತಿದ್ದೆ. ಅರ್ಥವಾಗದ ಕಾಲಮ್ಮಿಗೂ ನಿಲ್, ತಲೆನೋವಿನ ಕಾಲಮ್ಮಿಗೂ ನಿಲ್. ನಿಲ್ ಎಂದು ಬರೆದರೆ ಮೇಲಿನವರು ತಿರುಗಿ ಏನೂ ಕೇಳುವುದಿಲ್ಲ. ಆ ಕಚೇರಿಯಲ್ಲಿ ನಾನು ಕಲಿತ ಮೊದಲ ವಿದ್ಯೆ ಅದೇ.

ನನಗೆ ಒಬ್ಬಳೇ ಮಗಳು. ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಇಂಜಿನಿಯರರಿಗೆ ವರ್ಗವಾದಾಗ ಅವರ ಮಗಳು ತನ್ನ ಸ್ಕೇಟಿಂಗಿನ ಗಾಲಿ ಬೂಟುಗಳನ್ನು ಇವಳಿಗೆ ಕೊಟ್ಟು ಹೋದಳು. ಆಗ ಇವಳಿಗೆ ಏಳು ವರ್ಷ. ಬೂಟಿನ ಮುಂದೆ ಬಟ್ಟೆ ತುರುಕಿಕೊಂಡು ಕ್ಲಬ್ಬಿನ ಸಿಮೆಂಟು ಅಂಗಳದಲ್ಲಿ ಉರುಳತೊಡಗಿದಳು. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದಾಗಲಂತೂ ಅವಳನ್ನು ಹಿಡಿಯುವವರೇ ಇರಲಿಲ್ಲ. ಒಣಗಿದ ಕಾಲುವೆಯ ತಳದಷ್ಟು ನುಣುಪಾದ ಜಾಗ ನಮ್ಮ ತಾಲೂಕಿನಲ್ಲಿ ಇನ್ನೊಂದಿಲ್ಲ. ಒಂದು ಬದಿಯ ಇಳಿಜಾರಿನಿಂದ ಜಾರಿ ಬಂದು, ಅದೇ ವೇಗದಲ್ಲಿ ಇನ್ನೊಂದು ಬದಿ ಹತ್ತಿ, ಅಲ್ಲಿ ಒಂದು ಕಾಲೆತ್ತಿ ಗಿರ್ರನೆ ತಿರುಗುತ್ತಿದ್ದಳು. ನೋಡುವ ನನಗೆ ಎದೆ ಝಲ್ಲೆನ್ನುತ್ತಿತ್ತು.

ಅತ್ತೆಗೆ ಮಾತ್ರ ಹೆದರಿಕೆ ಎಂಬುದೇ ಇರಲಿಲ್ಲ. ದೇವಾಪುರದ ಹೆಣ್ಣುಮಗಳು, ದಮ್ಮಿನ ರೋಗ ಬೇರೆ. ಆದರೂ ಮೊಮ್ಮಗಳಿಗಿಂತ ಮುಂಚೆ ಕಾಲುವೆಗೆ ಇಳಿದು, ಮೂಗಿಗೆ ಸೆರಗು ಕಟ್ಟಿಕೊಂಡು, ತಳದ ಹೂಳು ಗುಡಿಸುತ್ತಿದ್ದಳು. ಗುಡಿಸಿ ಮುಗಿಸಿ ದಂಡೆಯ ಮೇಲೆ ಕೂತು ಏದುಸಿರು ಬಿಡುತ್ತಲೇ ಬೈಯುತ್ತಿದ್ದಳು.

"ಕಾಲಿಗಿ ಗಾಲಿ ಕಟಗೊಂಡು ಗಂಡನ ಮನಿಗಿ ಹೋಗಾಕಿ ಏನ ನೀ?"

"ಹೂಂ ಆಯಿ, ಮುಂದ ನಾ, ನನ್ನ ಬೆನ್ನಿಗಿ ನೀ" ಎನ್ನುತ್ತಿದ್ದಳು ಮಗಳು.

ಹದಿನಾಲ್ಕನೆಯ ವಯಸ್ಸಿಗೆ ಅವಳು ರಾಜ್ಯ ತಂಡದ ಆಯ್ಕೆಗೆ ಹೋಗುವಷ್ಟು ಬೆಳೆದಿದ್ದಳು. ಹಾಡಿಗೆ ತಕ್ಕಂತೆ ಗಾಲಿಗಳ ಮೇಲೆ ಕುಣಿಯುವ ಸ್ಪರ್ಧೆ ಅದು. ಹೊರಡುವ ಹಿಂದಿನ ದಿನದಿಂದ ಅವಳಿಗೆ ಕೆಮ್ಮು. ಎದೆ ಗೊರಗೊರ ಎನ್ನುತ್ತಿತ್ತು. ಅತ್ತೆ ತನ್ನ ದಮ್ಮಿನ ಗುಳಿಗೆಯನ್ನು ಹಲ್ಲಲ್ಲಿ ಕಡಿದು ಅರ್ಧ ಮಾಡಿ, ಬೆಲ್ಲದಲ್ಲಿಟ್ಟು ಮೊಮ್ಮಗಳ ಬಾಯಿಗೆ ಹಾಕಿದಳು. ದಾರಿಗೆಂದು ಇನ್ನೆರಡು ಗುಳಿಗೆ ಕಾಗದದಲ್ಲಿ ಕಟ್ಟಿ ಕೊಟ್ಟಳು. ನನಗೆ ಇದರಲ್ಲಿ ವಿಶೇಷ ಕಾಣಲಿಲ್ಲ. ನಮ್ಮಲ್ಲಿ ಒಬ್ಬರ ಮೊಣಕಾಲು ನೋವಿನ ಗುಳಿಗೆ ಓಣಿಯ ಎಲ್ಲರ ಮೊಣಕಾಲಿಗೂ ಆಗುತ್ತದೆ. ಕೆಮ್ಮು ಇಳಿಯಿತು, ಹುಡುಗಿ ಆಡಿದಳು, ತಂಡಕ್ಕೆ ಆಯ್ಕೆಯೂ ಆದಳು.

ಆಟ ಮುಗಿದ ಕೂಡಲೇ ಒಬ್ಬ ಹೆಂಗಸು ಬಂದು, ಮೂತ್ರ ಪರೀಕ್ಷೆಗೆ ಚೀಟಿ ಎತ್ತಿದ್ದೇವೆ, ನಿಮ್ಮ ಮಗಳ ಹೆಸರು ಬಂದಿದೆ ಎಂದಳು. ಆ ಹೆಂಗಸಿನ ಎದುರೇ ಸೀಸೆ ತುಂಬಬೇಕು. ನಾಚಿಕೆಗೆ ಹುಡುಗಿಯಿಂದ ಆಗಲಿಲ್ಲ. ನೀರು ಕುಡಿಯುವುದು, ಒಳಗೆ ಹೋಗುವುದು, ಕಣ್ಣು ಕೆಂಪು ಮಾಡಿಕೊಂಡು ಹೊರಗೆ ಬರುವುದು, ಹೀಗೇ ನಡೆದಿತ್ತು. ಆ ಹೊತ್ತಿನಲ್ಲಿ ಫಾರಂ ನನ್ನ ಕೈಗೆ ಬಂತು. ಕಳೆದ ಏಳು ದಿನದಲ್ಲಿ ತೆಗೆದುಕೊಂಡ ಔಷಧಗಳು ಎಂಬ ಕಾಲಂ. ಮಗಳು ನನ್ನ ಪಕ್ಕ ಕುಳಿತು ಅದನ್ನು ಓದಿದಳು. ಇಂಗ್ಲಿಷ್ ನನಗಿಂತ ಅವಳಿಗೇ ಚೆನ್ನಾಗಿ ಬರುತ್ತಿತ್ತು.

"ಅವ್ವಾ, ಆಯಿ ಗುಳಗಿ ಬರಿಬೇಕ ಇಲ್ಲಿ."

"ಸುಮ್ಕ ಕುಂದ್ರು. ಕೆಮ್ಮ ಅದ ಅಂತ ಬರದ್ರ ತಂಡದಾಗಿಂದ ತಗದು ಊರಿಗಿ ಹಚ್ಚಿ ಕಳಸ್ತಾರ."

"ಕೇಳ್ಯಾರಲ್ಲವ್ವಾ."

"ಬಾಯಿ ಮುಚ್ಚತೀಯೋ ಇಲ್ಲೋ?"

ಅವಳು ಬಾಯಿ ಮುಚ್ಚಿದಳು. ನಾನು ನಿಲ್ ಎಂದು ಬರೆದೆ. ಎಷ್ಟು ಚಂದದ ಅಕ್ಷರ! ಕಚೇರಿಯಲ್ಲಿ ನನ್ನ ಅಕ್ಷರಕ್ಕೆ ಹೆಸರಿತ್ತು.

ಒಂದು ತಿಂಗಳ ನಂತರ ಯಾದಗಿರಿಯಲ್ಲಿ ರೈಲು ಹತ್ತಿ, ದೂರದ ಊರಿನ ರಾಷ್ಟ್ರೀಯ ಸ್ಪರ್ಧೆಗೆ ಹೋದೆವು. ಎರಡು ದಿನದ ಆಟ. ಮೊದಲ ದಿನ ಚಿಕ್ಕ ಹಾಡಿಗೆ ಕುಣಿಯುವುದು, ಎರಡನೆಯ ದಿನ ದೊಡ್ಡ ಹಾಡಿಗೆ. ಮೊದಲ ದಿನ ನನ್ನ ಮಗಳು ಎಲ್ಲರಿಗಿಂತ ಮುಂದೆ ನಿಂತಳು. ಹಲಗೆಯ ಮೇಲೆ ಅವಳ ಹೆಸರು ಎಲ್ಲಕ್ಕಿಂತ ಮೇಲೆ ಬಂದದ್ದನ್ನು ನೋಡಿ ನಾನು ಜನರ ನಡುವೆಯೇ ಗೊಳೋ ಎಂದು ಅತ್ತುಬಿಟ್ಟೆ. ಅವಳಿಗೆ ನಾಚಿಕೆಯಾಗಿ, "ಅಳಬ್ಯಾಡ ಬೇ, ಎಲ್ಲಾರೂ ನೋಡಾಕತ್ಯಾರ" ಎಂದು ನನ್ನ ಸೆರಗು ಜಗ್ಗಿದಳು.

ಮರುದಿನ ಬೆಳಿಗ್ಗೆ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿರುವಾಗಲೇ ತಂಡದ ಮ್ಯಾನೇಜರ್ ಬಂದು ನನ್ನನ್ನು ಪಕ್ಕಕ್ಕೆ ಕರೆದರು. ಬೆಂಗಳೂರಿನ ಹೆಣ್ಣುಮಗಳು, ಒಳ್ಳೆಯವರು. ಆಯ್ಕೆಯ ದಿನದ ಪರೀಕ್ಷೆಯ ಫಲಿತಾಂಶ ಈಗ ಬಂದಿದೆ ಎಂದರು. ಮೂತ್ರದಲ್ಲಿ ನಿಷೇಧಿಸಿದ ಮದ್ದು ಸಿಕ್ಕಿದೆ, ಇಂದು ಅವಳನ್ನು ಆಡಲು ಬಿಡುವುದು ಅನುಮಾನ. ಅವರು ಹೇಳಿದ ಮದ್ದಿನ ಹೆಸರು ನನ್ನ ನಾಲಿಗೆಗೆ ತಿರುಗಲಿಲ್ಲ. "ದಮ್ಮಿನ ಗುಳಿಗೆಯಲ್ಲಿ ಇರುತ್ತದಂತೆ" ಎಂದಾಗ ಮಾತ್ರ ಅತ್ತೆ ಬೆಲ್ಲದಲ್ಲಿಟ್ಟು ಕೊಟ್ಟ ಅರ್ಧ ಗುಳಿಗೆ ನೆನಪಾಯಿತು.

ಸುದ್ದಿ ನಮಗಿಂತ ಮುಂಚೆ ಅಂಗಳ ಮುಟ್ಟಿತ್ತು. ನಿನ್ನೆ ಮಗಳ ಜೊತೆ ಫೋಟೊ ತೆಗೆಸಿಕೊಂಡಿದ್ದ ಹುಡುಗಿಯ ತಾಯಿ, ಇಂದು ತನ್ನ ಮಗಳ ನೀರಿನ ಬಾಟಲಿಯನ್ನು ನಮ್ಮ ಹತ್ತಿರದಿಂದ ಎತ್ತಿಕೊಂಡು ಹೋದಳು. ಹದಿನಾಲ್ಕು ವರ್ಷದ ಕೂಸಿನ ಕಡೆ ಕಳ್ಳಿಯ ಕಡೆ ನೋಡುವ ಹಾಗೆ ನೋಡುತ್ತಿದ್ದರು. ಆ ಹೆಂಗಸಿನ ಜುಟ್ಟು ಹಿಡಿದು ಕೇಳಬೇಕು ಎನ್ನುವಷ್ಟು ಸಿಟ್ಟು ಬಂತು. ಆದರೆ ಏನೆಂದು ಕೇಳಲಿ? ಮಗಳು ಮೂಲೆಯ ನಲ್ಲಿಯ ಹತ್ತಿರ ನಿಂತು ಒಂದೇ ಸಮ ನೀರು ಕುಡಿಯುತ್ತಿದ್ದಳು. ಯಾಕೆಂದು ಕೇಳಿದರೆ, "ತೊಳದ ಹೋಗಬಹುದ ಅವ್ವಾ, ಇನ್ನೊಮ್ಮಿ ನೋಡಂದ್ರ ಸಿಗಂಗಿಲ್ಲ" ಎಂದಳು. ಅದು ತಿಂಗಳ ಹಿಂದಿನ ಸೀಸೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕುಡಿದಳು, ಕುಡಿದು ಕುಡಿದು ವಾಂತಿ ಮಾಡಿಕೊಂಡಳು.

ನಾನು ಅತ್ತೆಗೆ ಫೋನ್ ಮಾಡಿದೆ. ಗುಳಿಗೆ ಕೊಟ್ಟವರು ಯಾರು, ಅದರ ಹೆಸರೇನು, ಒಂದು ಚೀಟಿ ಬರೆಸಿ ಫೋಟೊ ಹೊಡೆಸಿ ಕಳಿಸಿ ಎಂದೆ. ಎಪ್ಪತ್ತು ದಾಟಿದ ಮುದುಕಿ ಸಿಕ್ಕ ಜೀಪು ಹತ್ತಿ ದೇವಾಪುರಕ್ಕೆ ಹೋದಳು. ಅಲ್ಲಿ ಗುಳಿಗೆ ಕೊಡುವವನು ದೊಡ್ಡ ಡಾಕ್ಟರನೇನಲ್ಲ. ಡಬ್ಬಿಯಿಂದ ಬಿಡಿ ಗುಳಿಗೆ ತೆಗೆದು ಕಾಗದದಲ್ಲಿ ಕಟ್ಟಿ ಕೊಡುವವನು. ಚೀಟಿ ಎಂದ ಕೂಡಲೇ ಅವನು ಬಾಗಿಲು ಹಾಕಿಕೊಂಡನಂತೆ. ಅತ್ತೆ ಅಲ್ಲಿಂದಲೇ ಯಾರದೋ ಫೋನಿನಲ್ಲಿ ಮಾತಾಡಿದಳು. ಉಸಿರು ಸಾಲುತ್ತಿರಲಿಲ್ಲ.

"ಅವ ಬರದ ಕೊಡಂಗಿಲ್ಲಂತ. ನೀ ನನ್ನ ಹೆಸರು ಹೇಳು. ಮುದುಕಿ ತಿಳಿಲಾರದ ಕೊಟ್ಟಾಳ ಅನ್ನು. ನನಗ ಏನ ಬೇಕಾದ್ದು ಮಾಡಲಿ."

"ನಿಮಗೇನ ಮಾಡ್ತಾರ ಅತ್ತಿ? ಬೈಸ್ಕೊಳ್ಳಾಕಿ ನಾ!" ಎಂದು ಅವಳ ಮೇಲೆ ಹರಿಹಾಯ್ದೆ. "ನಿಮಗ ಯಾರ ಹೇಳಿದ್ರು ಕೊಡಾಕ? ಕೂಸಿನ ಬಾಳೇ ಹಾಳ ಮಾಡಿದ್ರಿ."

ಆ ಕಡೆಯಿಂದ ಎದೆಯ ಗೊರಗೊರ ಕೇಳಿಸಿತು. ಬೈದದ್ದು ಯಾರನ್ನು ಎಂದು ನನಗೆ ಆಗಲೇ ಗೊತ್ತಿತ್ತು.

ಮಧ್ಯಾಹ್ನ ಕಮಿಟಿಯವರು ಕರೆದರು. ಆಟದ ಅಂಗಳದ ಹಿಂದಿನ ಕೋಣೆ, ಮೇಜಿನ ಆಚೆ ಮೂವರು. ನಡುವೆ ಕುಳಿತ ಹಿರಿಯರು ಹಿಂದಿಯಲ್ಲಿ ಮಾತಾಡಿದರು. ಸುರಪುರದ ಬಜಾರಿನ ಉರ್ದು ಕೇಳುತ್ತ ಬೆಳೆದ ನನಗೆ ಅವರ ಮಾತು ತಿಳಿಯಿತು. ತಿಳಿಯದಿದ್ದರೆ ಒಳ್ಳೆಯದಿತ್ತು ಎಂದು ಈಗ ಅನಿಸುತ್ತದೆ. ಅಜ್ಜಿಯ ಗುಳಿಗೆಯ ಕತೆಯನ್ನು ನಾನು ಪೂರ್ತಿ ಹೇಳಿದೆ. ಅವರು ಸಮಾಧಾನದಿಂದ ಕೇಳಿ, ನನ್ನ ಫಾರಂ ಅನ್ನು ಮೇಜಿನ ಮೇಲಿಟ್ಟು, ಔಷಧದ ಕಾಲಮ್ಮಿನ ಮೇಲೆ ಬೆರಳಿಟ್ಟರು.

"ಇಲ್ಲಿ ಏನೂ ಇಲ್ಲವೆಂದು ಬರೆದಿದ್ದೀರಿ. ಈಗ ಗುಳಿಗೆ ತೆಗೆದುಕೊಂಡಿದ್ದಳು ಅನ್ನುತ್ತೀರಿ. ನೋಡಿ ತಾಯಿ, ನನಗೆ ತಿಳಿಯಬೇಕಾದದ್ದು ಒಂದೇ. ಈ ಕಾಗದ ತುಂಬುವಾಗ ಗುಳಿಗೆಯ ವಿಷಯ ಮಗಳು ನಿಮಗೆ ಹೇಳಿದ್ದಳೋ ಇಲ್ಲವೋ? ಹೇಳಿದ್ದರೆ ಅವಳ ತಪ್ಪಿಲ್ಲ. ಇವತ್ತು ಸಂಜೆ ಅವಳು ಆಡಬಹುದು, ಉಳಿದದ್ದನ್ನು ಆಮೇಲೆ ನೋಡೋಣ. ಆದರೆ ಗೊತ್ತಿದ್ದೂ ನೀವು ಸುಳ್ಳು ಬರೆದಂತಾಗುತ್ತದೆ. ನೀವು ಸರ್ಕಾರಿ ನೌಕರರು, ನಿಮ್ಮ ಇಲಾಖೆಗೆ ನಾನು ಪತ್ರ ಬರೆಯಲೇಬೇಕು. ಹೇಳಿರಲಿಲ್ಲ ಎಂದರೆ ಅವಳು ಮುಚ್ಚಿಟ್ಟಳು ಎಂದಾಗುತ್ತದೆ. ಎರಡು ವರ್ಷ ಹೊರಗೆ."

ಇಷ್ಟು ಬಿಡಿಸಿ ಹೇಳಿದ ಮೇಲೆ ತಿಳಿಯಲಿಲ್ಲ ಎನ್ನಲು ಏನೂ ಉಳಿಯಲಿಲ್ಲ. ಹೌದು ಹೇಳಿದ್ದಳು, ಬಾಯಿ ಮುಚ್ಚಿಸಿದವಳು ನಾನು ಎಂದರೆ ಆಯಿತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಇಲಾಖೆಯ ಲಕೋಟೆ ಕಣ್ಣ ಮುಂದೆ ಬಂತು, ಅನುಕಂಪದ ಆದೇಶವನ್ನು ನನ್ನ ಕೈಗೆ ಕೊಟ್ಟ ದಿನ ಬಂತು, ಕ್ವಾರ್ಟರ್ಸಿನ ಬೀಗ ಬಂತು, ಬೇರೆ ದಿಕ್ಕಿಲ್ಲದ ಮುದುಕಿ ಬಂದಳು. ಇದೆಲ್ಲ ನಿಜವೇ. ಆದರೆ ಅವನ್ನೆಲ್ಲ ತೂಗಿ ನೋಡಿ ತೀರ್ಮಾನಿಸಿದೆ ಎಂದರೆ ಅದು ಇನ್ನೊಂದು ಸುಳ್ಳು. ಹೆದರಿ, ತೆರೆದ ಬಾಯಿ ಮುಚ್ಚಿಕೊಂಡೆ, ಅಷ್ಟೇ.

ಹಿರಿಯರು ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು. ಹೆದರಬೇಡ ಮಗೂ, ನೀನು ಅಮ್ಮನಿಗೆ ಹೇಳಿದ್ದೆಯಾ ಎಂದು ಕೇಳಿದರು. ಅವಳು ಕುಣಿಯುವ ಬಟ್ಟೆಯಲ್ಲೇ ಬಂದಿದ್ದಳು. ಸಂಜೆ ಬಿಡಬಹುದೆಂದು ಬೆಳಿಗ್ಗೆಯೇ ತೊಟ್ಟುಕೊಂಡಿದ್ದಳು, ಕೂದಲಿಗೂ ಮಿನುಗು ಹಾಕಿಕೊಂಡಿದ್ದಳು. ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಫಾರಂ ಕಡೆ ನೋಡುತ್ತಿದ್ದೆ.

"ಇಲ್ರಿ. ನಾ ಹೇಳಿಲ್ಲ" ಎಂದಳು, ಹಿಂದಿಯ ಪ್ರಶ್ನೆಗೆ ಕನ್ನಡದಲ್ಲೇ. ಮ್ಯಾನೇಜರ್ ಅದನ್ನು ಹಿಂದಿಗೆ ತಿರುಗಿಸಿ ಹೇಳಿದರು. ಹಿರಿಯರು ಬರೆದುಕೊಂಡು ಕಾಗದವನ್ನು ನಮ್ಮ ಕಡೆ ಸರಿಸಿದರು. ಅವಳು ಸಹಿ ಮಾಡಿದಳು. ಅವಳು ಚಿಕ್ಕವಳಾದ್ದರಿಂದ ಕೆಳಗೆ ನಾನೂ ಮಾಡಬೇಕಾಗಿತ್ತು, ಮಾಡಿದೆ.

ಸಂಜೆಯ ಸ್ಪರ್ಧೆಯನ್ನು ಅವಳು ಮೆಟ್ಟಿಲ ಮೇಲೆ ಕುಳಿತು ಕೊನೆಯವರೆಗೂ ನೋಡಿದಳು. ಎದ್ದು ಹೋಗೋಣ ಎಂದರೆ ಕೇಳಲಿಲ್ಲ. ಪ್ರತಿ ಹುಡುಗಿಗೂ ಚಪ್ಪಾಳೆ ತಟ್ಟಿದಳು, ಬಾಟಲಿ ಎತ್ತಿಕೊಂಡು ಹೋದವಳ ಮಗಳಿಗೂ. ವಾಪಸು ಬರುವ ರೈಲಿನಲ್ಲಿ ಅನ್ನ ಮುಟ್ಟಲಿಲ್ಲ, ಅಳಲೂ ಇಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಯಾದಗಿರಿಯಲ್ಲಿ ಇಳಿದು ಸುರಪುರದ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಅವಳು, ಅವಳ ಪಕ್ಕ ನಾನು, ಕಾಲ ಬಳಿ ಬೂಟಿನ ಚೀಲ. ಶಹಾಪುರ ದಾಟುವವರೆಗೂ ಕೇಳಲು ನನಗೆ ಧೈರ್ಯ ಬರಲಿಲ್ಲ. ಆಮೇಲೆ ಕೇಳಿದೆ. ಅವಳ ಕಡೆಯಿಂದ ಏನು ಬಯಸಿ ಕೇಳಿದೆನೋ! ನಿನಗಾಗಿ ಹೇಳಿದೆ ಅವ್ವಾ, ನಿನ್ನ ನೌಕರಿ ಉಳಿಯಲಿ ಎಂದು ಹೇಳಿದೆ ಎಂದಿದ್ದರೆ ಆ ಪುಣ್ಯವನ್ನು ಹೊತ್ತುಕೊಂಡು ಹೇಗೋ ಬದುಕುತ್ತಿದ್ದೆ.

"ಯಾಕ ಹಂಗ ಹೇಳಿದಿ, ನನ್ನವ್ವಾ? ನನಗ ಹೇಳಿದ್ದಿಲ್ಲೇನ ನೀ?"

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ನಾ ಇಲ್ಲ ಅಂದ ಕೂಡ್ಲೆ ನೀ ಎದ್ದು, ಸುಳ್ಳ ಹೇಳಾಕತ್ಯಾಳ್ರಿ ನನ್ನ ಮಗಳು ಅಂತೀ ಅಂತ ಮಾಡಿದ್ದೆ ಅವ್ವಾ. ಸಹಿ ಮಾಡೂ ತನಕ ಕಾಯ್ದೆ."